ಹೊರಗ್ರಹದ ರಾಯಭಾರಿ ತಯಾರಾಗುವ ಬಗೆ

ಸುತ್ತೂರಿನ ಕಡೆಯವರಿಗೆ ಸಂಧಾನದ ಕಥೆ ಹೊಸದಲ್ಲ. ಚೋಳರ ರಾಜರಾಜ, ಗಂಗರ ರಾಚಮಲ್ಲ ಇಬ್ಬರ ದಂಡೂ ಕಪಿಲೆಯ ದಡದಲ್ಲಿ ಎದುರುಬದುರಾಗಿ ನಿಂತಿದ್ದಾಗ ಶಿವರಾತ್ರೀಶ್ವರ ಶಿವಯೋಗಿಗಳು ನಡುವೆ ಬಂದು ಕಾದಾಟ ತಪ್ಪಿಸಿದರು, ಆಮೇಲೆ ರಾಜರಾಜನ ಕೋರಿಕೆಯಂತೆ ಇಲ್ಲಿಯೇ ನೆಲೆಸಿದರು ಎಂಬುದು ಸುತ್ತೂರು ಮಠದ ಹುಟ್ಟಿನ ಬಗ್ಗೆ ಪರಂಪರೆ ಹೇಳುವ ಕಥೆ. ಇನ್ನು ನಂಜನಗೂಡು, ಟಿ. ನರಸೀಪುರ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟಿದರೆ ಜನ ನಿದ್ದೆಗೆಟ್ಟು ಕಾಯುವುದು ಕೃಷ್ಣಸಂಧಾನದ ದೃಶ್ಯಕ್ಕೆ. ಐದೇ ಐದು ಊರು ಕೊಡು ಎನ್ನುವ ಕೃಷ್ಣ, ಸೂಜಿಮೊನೆಯಷ್ಟು ನೆಲವನ್ನೂ ಬಿಡೆನೆನ್ನುವ ದುರ್ಯೋಧನ, ಹಾರ್ಮೋನಿಯಂ ಮೇಷ್ಟ್ರು ಎತ್ತಿಕೊಡುವ ಶ್ರುತಿ, ಮುಂದಿನ ಸಾಲಿನಿಂದ ‘ಒನ್ಸ್ ಮೋರ್’.

ಶಿವಯೋಗಿಗಳೂ ಕೃಷ್ಣನೂ ಮಾಡಿದ್ದು ಮೇಲ್ನೋಟಕ್ಕೆ ಒಂದೇ ಕೆಲಸ. ಆದರೆ ನಾಟಕ ಬರೆಯುವವನಿಗೆ ಇವರಿಬ್ಬರು ಬೇರೆಬೇರೆ ಪಾತ್ರಗಳು. ಯೋಗಿಗೆ ಪಕ್ಷವಿಲ್ಲ, ಅವರಿಗೆ ಕಳೆದುಕೊಳ್ಳುವುದೂ ಏನಿಲ್ಲ. ಕೃಷ್ಣ ಪಾಂಡವರ ಕಡೆಯವನು. ಅವನು ಶಾಂತಿಯ ಮಾತಾಡುತ್ತಿದ್ದರೂ ಎದುರಿಗೆ ಕೂತವರಿಗೆ ಅವನ ಮೇಲೆ ಅನುಮಾನ, ನೋಡುವವರಿಗೂ ಅಷ್ಟೇ. ಪರದೇಶಿಯ ವೇಷದಲ್ಲಿ ಬಂದು, ಒಂದು ಪಕ್ಷದ ಮಾತನ್ನು ಇನ್ನೊಂದು ಪಕ್ಷದ ಮುಂದೆ ಆಡಿ, ಎರಡೂ ಕಡೆಯಿಂದ ಬೈಸಿಕೊಳ್ಳುವ ಈ ಎರಡನೆಯ ಬಗೆಯವನೇ ವೈಜ್ಞಾನಿಕ ಧಾರಾವಾಹಿಗಳ ಹೊರಗ್ರಹದ ರಾಯಭಾರಿ. ಕಿವಿ ಚೂಪು ಮಾಡಿ, ಹಣೆ ಉಬ್ಬಿಸಿ ನಿಲ್ಲಿಸಿದ ಮಾತ್ರಕ್ಕೆ ಅವನು ತಯಾರಾಗುವುದಿಲ್ಲ. ಅವನನ್ನು ಕಟ್ಟುವುದಕ್ಕೆ ಒಂದು ಕ್ರಮವಿದೆ.

ಮೊದಲು ಮೂಲಪುರುಷನನ್ನು ನೋಡೋಣ. ಅಮೆರಿಕದ ‘ಸ್ಟಾರ್ ಟ್ರೆಕ್’ ಶುರುವಾದದ್ದು 1966ರಲ್ಲಿ. ಅದರ ಎರಡನೆಯ ವರ್ಷ, 1967ರ ನವೆಂಬರಿನಲ್ಲಿ ‘ಜರ್ನಿ ಟು ಬೇಬಲ್’ ಎಂಬ ಕಂತು ಬಂತು. ಬರೆದವರು ಡಿ.ಸಿ. ಫಾಂಟಾನ ಎಂಬ ಲೇಖಕಿ. ಕೋರಿಡಾನ್ ಎಂಬ ಗ್ರಹವನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ಹಲವು ಗ್ರಹಗಳ ಪ್ರತಿನಿಧಿಗಳು ಒಂದೇ ನೌಕೆಯಲ್ಲಿ ಸಭೆಗೆ ಹೊರಟಿದ್ದಾರೆ. ಅವರಲ್ಲಿ ವಲ್ಕನ್ ಗ್ರಹದ ರಾಯಭಾರಿ ಸರೆಕ್ ಒಬ್ಬ. ನೌಕೆಯ ಅಧಿಕಾರಿ ಸ್ಪಾಕ್ ಅವನ ಮಗ. ತಾನು ಹೇಳಿದ ವಿಜ್ಞಾನ ಅಕಾಡೆಮಿಗೆ ಸೇರದೆ ಮಗ ನೌಕಾಸೇವೆಗೆ ಹೋದನೆಂದು ಹದಿನೆಂಟು ವರ್ಷ ಅಪ್ಪ ಮಗ ಮಾತಾಡಿಲ್ಲ. ನಡುದಾರಿಯಲ್ಲಿ ಎದುರುಪಕ್ಷದ ರಾಯಭಾರಿಯ ಕೊಲೆಯಾಗುತ್ತದೆ, ಅನುಮಾನ ಸರೆಕ್ ಮೇಲೆ ಬೀಳುತ್ತದೆ, ಅಷ್ಟರಲ್ಲಿ ಅವನಿಗೆ ಹೃದಯದ ಕಾಯಿಲೆ ಉಲ್ಬಣಿಸುತ್ತದೆ. ಬದುಕಬೇಕಾದರೆ ಮಗನ ರಕ್ತ ಬೇಕು. ಇತ್ತ ಕ್ಯಾಪ್ಟನ್ ಗಾಯಗೊಂಡಿದ್ದಾನೆ. ನೌಕೆಯ ಜವಾಬ್ದಾರಿ ಬಿಟ್ಟು ರಕ್ತ ಕೊಡಲು ಬರಲಾರೆ ಎನ್ನುತ್ತಾನೆ ಮಗ.

ಗಮನಿಸಿ, ಇಲ್ಲಿ ಗ್ರಹಗಳ ರಾಜಕೀಯ ಬರೀ ಹಂದರ. ಮೇಲೆ ಹಬ್ಬಿರುವುದು ಯಾವ ಊರಿನ ಜಗುಲಿಯಲ್ಲೂ ಅರ್ಥವಾಗುವ ಅಪ್ಪ–ಮಗನ ಮುನಿಸು. ಸರೆಕ್ ಪಾತ್ರ ಮಾಡಿದ ಮಾರ್ಕ್ ಲೆನಾರ್ಡ್ ಹುಟ್ಟಿದ್ದು 1924ರಲ್ಲಿ, ಮಗನಾಗಿದ್ದ ಲಿಯೊನಾರ್ಡ್ ನಿಮೋಯ್ 1931ರಲ್ಲಿ. ಏಳು ವರ್ಷವೂ ಅಂತರವಿಲ್ಲದ ಇಬ್ಬರು ತೆರೆಯ ಮೇಲೆ ಅಪ್ಪ–ಮಗನಾಗಿ ನಿಂತಿದ್ದು ಯಾರಿಗೂ ಅಸಂಗತವೆನಿಸಲಿಲ್ಲ.

ಬರಹಗಾರರು ಇಂಥ ಪಾತ್ರದ ಕಡೆ ಮತ್ತೆಮತ್ತೆ ಹೋಗುವುದರ ಹಿಂದೆ ಹಣದ ಲೆಕ್ಕವೂ ಇದೆ. ಬಾಹ್ಯಾಕಾಶದಲ್ಲಿ ಯುದ್ಧ ತೋರಿಸಿದರೆ ಖರ್ಚು, ಒಂದು ಕೋಣೆಯಲ್ಲಿ ಇಬ್ಬರನ್ನು ಕೂರಿಸಿ ಮಾತಾಡಿಸಿದರೆ ಉಳಿತಾಯ. ರಾಯಭಾರಿ ಬಂದನೆಂದರೆ ಅವನ ಹಿಂದೆ ಒಂದು ಗ್ರಹ, ಒಂದು ಸೈನ್ಯ, ಸಾವಿರ ವರ್ಷದ ಇತಿಹಾಸ ಇದೆ ಎಂದು ನಾವೇ ಊಹಿಸಿಕೊಳ್ಳುತ್ತೇವೆ, ಅದರಲ್ಲಿ ಯಾವುದನ್ನೂ ಕಟ್ಟಿ ತೋರಿಸಬೇಕಾಗಿಲ್ಲ. 1990ರಲ್ಲಿ ಇದೇ ಸರೆಕ್‌ನನ್ನು ಮುದುಕನಾಗಿಸಿ ಮತ್ತೆ ಕರೆತಂದ ಕಂತಿನಲ್ಲಿ ಲೆಗಾರನ್ ಎಂಬ ಜೀವಿಗಳೊಡನೆ ಒಪ್ಪಂದವಾಗಬೇಕು. ಅವರಿಗಾಗಿ ಸಭಾಕೋಣೆಯಲ್ಲಿ ಅಂಟುದ್ರವದ ಕೊಳವನ್ನೇ ಸಿದ್ಧಮಾಡುತ್ತಾರೆ. ಕೊಳ ಕಾಣುತ್ತದೆ, ಲೆಗಾರನ್ನರು ಮಾತ್ರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಖರ್ಚು ಉಳಿಸುವುದರಲ್ಲೂ ಇಂಥ ಜಾಣತನ ಇರಬೇಕು.

ಈ ಲೆಕ್ಕವನ್ನೇ ಅಡಿಪಾಯ ಮಾಡಿಕೊಂಡ ಧಾರಾವಾಹಿ ‘ಬ್ಯಾಬಿಲಾನ್ 5’. ಮೊದಲ ಚಿತ್ರ 1993ರಲ್ಲಿ, ಧಾರಾವಾಹಿ 1994ರಿಂದ 1998ರವರೆಗೆ, ಒಟ್ಟು 110 ಕಂತು. ಅದರಲ್ಲಿ 92 ಕಂತುಗಳನ್ನು ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಒಬ್ಬರೇ ಬರೆದರು. ನಾಯಕ ಗ್ರಹದಿಂದ ಗ್ರಹಕ್ಕೆ ಅಲೆಯುವುದಿಲ್ಲ. ಐದು ಮೈಲಿ ಉದ್ದದ ಒಂದು ಬಾಹ್ಯಾಕಾಶ ನಿಲ್ದಾಣಕ್ಕೆ ಎಲ್ಲ ಗ್ರಹದವರೂ ಬರುತ್ತಾರೆ. ಅಂದಮೇಲೆ ವಾರವಾರ ಹೊಸ ಸೆಟ್ ಹಾಕುವ ಗೋಜಿಲ್ಲ. ನಿಲ್ದಾಣ ಇರುವುದೇ ಯುದ್ಧ ತಪ್ಪಿಸುವ ಮಾತುಕತೆಗಾಗಿ. ಮಿನ್ಬಾರಿಯ ಡೆಲೆನ್, ಸೆಂಟಾರಿಯ ಲೊಂಡೊ ಮೊಲಾರಿ, ನಾರ್ನ್ ಗ್ರಹದ ಜಿಕಾರ್, ಕವಚದೊಳಗೆ ಮುಖ ಮುಚ್ಚಿಕೊಂಡ ವೋರ್ಲಾನ್ ರಾಯಭಾರಿ ಕೋಶ್. ನನ್ನ ಮಟ್ಟಿಗೆ ಹೇಳುವುದಾದರೆ, ಹೊರಗ್ರಹದ ರಾಯಭಾರಿ ಎಂಬ ಪಾತ್ರವನ್ನು ಇಷ್ಟು ಆಳಕ್ಕೆ ಇಳಿದು ಕಟ್ಟಿದ ಇನ್ನೊಂದು ಧಾರಾವಾಹಿ ಇಲ್ಲ.

ಈಗ ಮುಖದ ಕೆಲಸ. ಮೊದಲು ನಟನ ಮುಖದ ಅಚ್ಚು ತೆಗೆಯುತ್ತಾರೆ. ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವ ಅಲ್ಜಿನೇಟನ್ನೇ ಮುಖಕ್ಕೆಲ್ಲ ಬಳಿದು, ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಮೂಗಿನ ಹೊಳ್ಳೆ ಮಾತ್ರ ಬಿಡುತ್ತಾರೆ. ಆ ಅಚ್ಚಿನಿಂದ ಪ್ಲಾಸ್ಟರಿನ ತಲೆ ಬರುತ್ತದೆ. ಅದರ ಮೇಲೆ ಜೇಡಿಮಣ್ಣಿನಲ್ಲಿ ಹೊಸ ಹಣೆ, ಹೊಸ ಕೆನ್ನೆ ತಿದ್ದುತ್ತಾರೆ. ತಿದ್ದಿದ್ದಕ್ಕೆ ಮತ್ತೆ ಅಚ್ಚು, ಅದರೊಳಗೆ ನೊರೆಯೆಬ್ಬಿಸಿದ ರಬ್ಬರ್ ಹಾಲು, ಅದನ್ನು ಒಲೆಗೂಡಿನಲ್ಲಿಟ್ಟು ಬೇಯಿಸಿದರೆ ಸ್ಪಂಜಿನಷ್ಟು ಹಗುರವಾದ ಹೊಸ ಚರ್ಮ ಸಿದ್ಧ. ಅದರ ಅಂಚು ಎಷ್ಟು ತೆಳುವಾಗಿದ್ದರೆ ಅಷ್ಟು ಒಳ್ಳೆಯದು, ಅಂಟಿಸಿದ ಮೇಲೆ ಗೆರೆ ಕಾಣುವುದಿಲ್ಲ. ಆ ತೆಳು ಅಂಚು ಬಿಚ್ಚುವಾಗ ಹರಿಯುವುದರಿಂದ ಚಿತ್ರೀಕರಣದ ಪ್ರತಿ ದಿನಕ್ಕೂ ಹೊಸ ತುಂಡು ಬೇಕು. ನಟ ಬೆಳಗಿನ ಜಾವ ಬಂದು ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂರಬೇಕು, ರಾತ್ರಿ ದ್ರಾವಣ ಹಚ್ಚಿ ನಿಧಾನವಾಗಿ ಬಿಡಿಸಿಕೊಳ್ಳಬೇಕು. ‘ಬ್ಯಾಬಿಲಾನ್ 5’ರ ಮುಖಸಜ್ಜಿಕೆಗೆ 1994ರಲ್ಲಿ ಎಮ್ಮಿ ಪ್ರಶಸ್ತಿ ಬಂತು.

ಇಲ್ಲಿ ತಿಳಿಯಬೇಕಾದ ಗುಟ್ಟು ಎಷ್ಟು ಅಂಟಿಸಬೇಕು ಎಂಬುದಲ್ಲ, ಎಲ್ಲಿ ಅಂಟಿಸಬಾರದು ಎಂಬುದು. ಕಣ್ಣು, ಬಾಯಿ, ಕೆನ್ನೆಯ ಸ್ನಾಯು ಬಿಡುವಾಗಿರಬೇಕು. ಜಿಕಾರ್ ಪಾತ್ರದ ಆಂಡ್ರಿಯಾಸ್ ಕಟ್ಸುಲಾಸ್ ಅವರ ತಲೆಯೆಲ್ಲ ಚುಕ್ಕೆಚುಕ್ಕೆಯ ರಬ್ಬರ್ ಚರ್ಮ, ಕಣ್ಣಿಗೆ ಕೆಂಪು ಲೆನ್ಸು. ಆದರೂ ಅವರ ಸಿಟ್ಟು, ವ್ಯಂಗ್ಯ, ದುಃಖ ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಲೊಂಡೊಗೆ ಅಂಟಿಸಿದ್ದು ಕಡಿಮೆ. ನವಿಲು ಗರಿ ಬಿಚ್ಚಿದಂತೆ ತಲೆಯ ಮೇಲೆ ಕೂದಲ ಬೀಸಣಿಗೆ, ಅಷ್ಟೇ. ಅವರ ಗ್ರಹದಲ್ಲಿ ಕೂದಲು ಎತ್ತರವಾದಷ್ಟೂ ಅಂತಸ್ತು ದೊಡ್ಡದು. ನಮ್ಮ ನಾಟಕದ ಕಿರೀಟ, ಭುಜಕೀರ್ತಿಗಳೂ ಇದೇ ಕೆಲಸ ಮಾಡುತ್ತವೆ. ಕೋಶ್‌ನದು ಇನ್ನೊಂದು ತುದಿ: ಮುಖವೇ ಇಲ್ಲ, ಬರೀ ಕವಚ. ಮುಖವಿಲ್ಲದ ಪಾತ್ರಕ್ಕೆ ಮಾತು ಕಡಿಮೆ ಇಡಬೇಕೆಂಬುದು ಬರೆದವರಿಗೆ ಗೊತ್ತಿತ್ತು. ಅವನು ಒಂದು ಸಾಲು ಒಗಟು ಹೇಳಿ ಹೋಗಿಬಿಡುತ್ತಾನೆ, ಉಳಿದವರು ಕಂತಿಡೀ ತಲೆ ಕೆರೆದುಕೊಳ್ಳುತ್ತಾರೆ.

ಮಾತಿನ ವಿಷಯಕ್ಕೆ ಬರೋಣ. ಬೇರೆ ಗ್ರಹದವನು ಇಂಗ್ಲಿಷ್ ಆಡುವುದು ಹೇಗೆ ಎಂಬ ಪ್ರಶ್ನೆಗೆ ‘ಸ್ಟಾರ್ ಟ್ರೆಕ್’ನವರು ಅನುವಾದ ಯಂತ್ರ ಇದೆ ಎಂದು ಹೇಳಿ ಪಾರಾದರು. ಪಾರಾದದ್ದಷ್ಟೇ ಅಲ್ಲ, ಆ ಯಂತ್ರ ಕೈಕೊಡುವುದನ್ನೇ ಕಥೆ ಮಾಡಿ 1991ರಲ್ಲಿ ‘ಡಾರ್ಮೋಕ್’ ಎಂಬ ಕಂತು ಬರೆದರು. ಅಲ್ಲಿನ ಜನರ ಪದಗಳೆಲ್ಲ ಅನುವಾದವಾಗುತ್ತವೆ, ಅರ್ಥ ಮಾತ್ರ ಆಗುವುದಿಲ್ಲ. ಅವರು ತಮ್ಮ ಪುರಾಣದ ಪ್ರಸಂಗಗಳನ್ನು ಹೆಸರಿಸಿಯೇ ಮಾತಾಡುತ್ತಾರೆ. ಕುರುಕ್ಷೇತ್ರ ಗೊತ್ತಿಲ್ಲದವನ ಮುಂದೆ ನಾವು ‘ಅವನದು ಶಕುನಿ ಆಟ’, ‘ಇವನದು ಭೀಷ್ಮನ ಶಪಥ’ ಎಂದಷ್ಟೇ ಆಡುತ್ತಾ ಹೋದರೆ ಅವನಿಗೆ ಏನಾದೀತೋ ಅಂಥ ಪರಿಸ್ಥಿತಿ. ಲೊಂಡೊ ಪಾತ್ರದ ಪೀಟರ್ ಜುರಾಸಿಕ್ ಬೇರೆ ದಾರಿ ಹಿಡಿದರು. ಭೂಮಿಯ ಯಾವ ದೇಶದ್ದೂ ಅಲ್ಲದ ಒಂದು ಉಚ್ಚಾರವನ್ನು ತಾವೇ ಕಟ್ಟಿಕೊಂಡು ಐದು ವರ್ಷ ಬಿಡದೆ ನಡೆಸಿದರು.

ಕನ್ನಡದಲ್ಲಿ ಇಂಥ ಪಾತ್ರ ಬರೆಯುವವರಿಗೆ ಈ ಅನುಕೂಲ ಆಗಲೇ ಇದೆ. ನಮ್ಮ ನಾಟಕದಲ್ಲಿ ರಾಜ ಗ್ರಾಂಥಿಕ ಕನ್ನಡ ಆಡಿದರೆ ಸಾರಥಿ ಆಡುನುಡಿ ಆಡುತ್ತಾನೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಹೊರಗ್ರಹದವನ ಬಾಯಲ್ಲಿ ರೋಬೋಟಿನ ತೊದಲು ಇಡುವ ಅಭ್ಯಾಸವನ್ನು ಬಿಟ್ಟು, ತಪ್ಪಿಲ್ಲದ, ವ್ಯಾಕರಣ ಕಲಿತ ಕನ್ನಡ ಆಡಿಸಿ ನೋಡಿ. ‘ಯಾಕ್ಲಾ, ಎಲ್ಲಿಗ್ ಹೊಂಟೆ’ ಎನ್ನುವ ಊರಿನಲ್ಲಿ ‘ತಾವು ಎಲ್ಲಿಗೆ ತೆರಳುತ್ತಿರುವಿರಿ’ ಎಂದು ಕೇಳುವವನು ತಾನಾಗಿಯೇ ಬೇರೆ ಲೋಕದವನಾಗಿ ಕಾಣುತ್ತಾನೆ.

ಮುಖ, ಮಾತು ಎರಡಕ್ಕಿಂತ ಮುಖ್ಯವಾದದ್ದು ಆಚಾರ. ಒಳ್ಳೆಯ ರಾಯಭಾರಿ ಪಾತ್ರಕ್ಕೆ ಅವನ ಗ್ರಹದ ಒಂದು ಕಟ್ಟಳೆ ಇರುತ್ತದೆ, ಮತ್ತು ಆ ಕಟ್ಟಳೆ ಅವನಿಗೇ ನೋವು ಕೊಡುತ್ತದೆ. ವಲ್ಕನ್ನರು ಭಾವನೆ ತೋರಿಸಬಾರದು. ಹಾಗಾಗಿ ಸರೆಕ್ ತನ್ನ ಎದೆನೋವನ್ನು ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ, ಸಾಯುವ ಮಟ್ಟಕ್ಕೆ ಬರುತ್ತಾನೆ. 1990ರ ಕಂತಿನಲ್ಲಿ ಮುಪ್ಪಿನ ಕಾಯಿಲೆಯಿಂದ ಆ ಹಿಡಿತವೇ ಸಡಿಲವಾಗಿ, ಸಂಗೀತ ಕೇಳುತ್ತಾ ಕೂತವನ ಕಣ್ಣಿಂದ ನೀರು ಇಳಿಯುತ್ತದೆ. ಬೇರೆ ಯಾರೇ ಅತ್ತಿದ್ದರೂ ಅದು ದೃಶ್ಯವಾಗುತ್ತಿರಲಿಲ್ಲ. ಕಟ್ಟಳೆಯನ್ನು ಮೊದಲು ಗಟ್ಟಿಯಾಗಿ ನಿಲ್ಲಿಸಿದ್ದರಿಂದ ಅದು ಮುರಿದಾಗ ನಮಗೆ ತಟ್ಟುತ್ತದೆ. ಕೈಬೆರಳು ವಿಚಿತ್ರವಾಗಿ ಹಿಡಿಯುವುದು, ನೀಲಿ ಪಾನೀಯ ಕುಡಿಯುವುದು ಇವೆಲ್ಲ ಒಗ್ಗರಣೆ ಮಾತ್ರ.

ಎಲ್ಲ ಲೋಕಕ್ಕೂ ಸಲ್ಲುವ ಇನ್ನೊಂದು ಕಟ್ಟಳೆ ದೂತನನ್ನು ಕೊಲ್ಲಬಾರದು ಎಂಬುದು. ಲಂಕೆಯಲ್ಲಿ ವಿಭೀಷಣ ಹನುಮಂತನ ಪರವಾಗಿ ಎತ್ತಿದ್ದು ಇದೇ ಮಾತು, ಕೊನೆಗೆ ಬಾಲಕ್ಕೆ ಬೆಂಕಿ ಬಿತ್ತೇ ಹೊರತು ತಲೆ ಹೋಗಲಿಲ್ಲ. ಹಸ್ತಿನಾವತಿಯಲ್ಲಿ ಕೃಷ್ಣನನ್ನು ಕಟ್ಟಿಹಾಕಲು ಹೊರಟಾಗ ದುರ್ಯೋಧನ ಮುರಿಯಲು ನೋಡಿದ್ದೂ ಇದನ್ನೇ. 1961ರ ವಿಯೆನ್ನಾ ಒಪ್ಪಂದದ 29ನೇ ವಿಧಿ ರಾಯಭಾರಿಯನ್ನು ಬಂಧಿಸುವಂತಿಲ್ಲ ಎಂದು ಬರವಣಿಗೆಯಲ್ಲಿ ಹಾಕಿತು. ಧಾರಾವಾಹಿ ಬರೆಯುವವರಿಗೆ ಈ ರಕ್ಷಣೆ ಕಥೆಯ ಬತ್ತಳಿಕೆ. ಕೊಲೆಯ ಅನುಮಾನ ಇರುವವನನ್ನು ಮುಟ್ಟುವ ಹಾಗಿಲ್ಲ, ಆದರೆ ಅವನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಲೇಬೇಕು.

ಆ ರಕ್ಷಣೆ ಕಳಚಿಬಿದ್ದರೆ? 1995ರ ‘ದಿ ಲಾಂಗ್, ಟ್ವೈಲೈಟ್ ಸ್ಟ್ರಗಲ್’ ಎಂಬ ಕಂತಿನಲ್ಲಿ ಸೆಂಟಾರಿಗಳು ನಾರ್ನ್ ಗ್ರಹದ ಮೇಲೆ ಉಲ್ಕೆಗಳನ್ನೇ ಎಸೆದು ಅದನ್ನು ಸುಡುತ್ತಾರೆ. ಆ ಯುದ್ಧಕ್ಕೆ ದಾರಿ ಮಾಡಿಕೊಟ್ಟ ಲೊಂಡೊ ನೌಕೆಯ ಕಿಟಕಿಯಲ್ಲಿ ನಿಂತು ಅದನ್ನು ನೋಡುತ್ತಾನೆ, ಮಾತಿಲ್ಲ. ಸೋತ ಗ್ರಹದ ಜಿಕಾರ್ ಈಗ ರಾಯಭಾರಿಯೇ ಅಲ್ಲ. ಅದೇ ಸಭೆಯಲ್ಲಿ, ಅದೇ ಜನರ ಮುಂದೆ, ಅಧಿಕಾರವಿಲ್ಲದವನಾಗಿ ನಿಂತು ನಾಲ್ಕು ಮಾತಾಡಿ ಹೊರನಡೆಯುತ್ತಾನೆ. ದೇಶ ಹೋದ ಮೇಲೆ ರಾಯಭಾರಿಗೆ ಉಳಿಯುವುದೇನು ಎಂಬುದನ್ನು ಹತ್ತು ನಿಮಿಷದೊಳಗೆ ತೋರಿಸಿದ ದೃಶ್ಯ ಅದು. ಡೆಲೆನ್ ಪಾತ್ರದ ಮೀರಾ ಫುರ್ಲಾನ್‌ಗೆ ಇದು ಬರೀ ಕಥೆಯಾಗಿರಲಿಲ್ಲ. ಜಾಗ್ರೆಬ್‌ನಲ್ಲಿ ಹುಟ್ಟಿದ ಅವರು ಯುಗೊಸ್ಲಾವಿಯಾ ಒಡೆಯುತ್ತಿದ್ದಾಗ ಎರಡೂ ಕಡೆಯ ರಂಗಭೂಮಿಯಲ್ಲಿ ನಟಿಸುವುದನ್ನು ಬಿಡಲಿಲ್ಲ, ಅದಕ್ಕಾಗಿ ದ್ವೇಷ ಕಟ್ಟಿಕೊಂಡು 1991ರಲ್ಲಿ ದೇಶವನ್ನೇ ಬಿಟ್ಟರು. ಎರಡು ಜನಾಂಗಗಳ ನಡುವೆ ಸೇತುವೆಯಾಗಲು ತನ್ನ ರೂಪವನ್ನೇ ಅರ್ಧ ಮನುಷ್ಯಳಾಗಿ ಬದಲಿಸಿಕೊಳ್ಳುವ ಪಾತ್ರ ಅವರ ಪಾಲಿಗೆ ಬಂತು. 2021ರಲ್ಲಿ ತೀರಿಕೊಂಡರು.

ರಾಯಭಾರಿಯ ಪಕ್ಕದಲ್ಲಿ ನಿಲ್ಲುವ ಸಹಾಯಕನನ್ನು ಮರೆಯುವಂತಿಲ್ಲ. ಲೊಂಡೊಗೆ ವೀರ್, ಡೆಲೆನ್‌ಗೆ ಲೆನಿಯರ್. ಮೂಡಲಪಾಯ ಬಯಲಾಟ ನೋಡಿದವರಿಗೆ ಇವರ ಕೆಲಸ ಬಿಡಿಸಿ ಹೇಳಬೇಕಿಲ್ಲ. ವೇಷ ರಂಗಕ್ಕೆ ಬಂದ ಕೂಡಲೇ ತಾವು ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಸಾರಥಿ ಕೇಳುತ್ತಾನಲ್ಲ, ಅದೇ. ನೋಡುವವರಿಗೆ ಬೇಕಾದ ವಿವರವನ್ನು ಭಾಷಣವಿಲ್ಲದೆ ಹೊರಗೆ ತರುವ ಉಪಾಯ ಅದು. ವೀರ್ ಒಂದು ಹೆಜ್ಜೆ ಮುಂದೆ. ಯಜಮಾನ ತಪ್ಪು ದಾರಿ ಹಿಡಿದಾಗ ನೋಡುವವರ ಪರವಾಗಿ ಸಂಕಟಪಡುವವನೂ ಅವನೇ.

ಇಂಥ ರಾಯಭಾರಿಗಳು ನಿಜವಾಗಿ ಇದ್ದರೇ? ಸುತ್ತೂರಿಗೆ ಬಹಳ ದೂರವಲ್ಲದ ಶ್ರೀರಂಗಪಟ್ಟಣದಿಂದಲೇ ಹೊರಟಿದ್ದರು. ಬ್ರಿಟಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಇಳಿದರು, ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಅವರ ರುಮಾಲು, ಗಡ್ಡ, ಮಸ್ಲಿನ್ ಉಡುಪು ನೋಡಲು ಪ್ಯಾರಿಸಿನಲ್ಲಿ ಜನ ಮುಗಿಬಿದ್ದರು. ಚಿತ್ರಕಾರ್ತಿ ವಿಜೆ ಲಬ್ರೂ ಅವರಲ್ಲಿ ಮೊಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದರು. ಆ ಚಿತ್ರ 2019ರಲ್ಲಿ ಎಪ್ಪತ್ತು ಲಕ್ಷ ಡಾಲರಿಗೂ ಮೀರಿ ಹರಾಜಾಯಿತು. ಸೈನ್ಯದ ನೆರವು ಮಾತ್ರ ಸಿಗಲಿಲ್ಲ. ಮರುವರ್ಷ ಫ್ರಾನ್ಸಿನಲ್ಲೇ ಕ್ರಾಂತಿ. ಪರದೇಶಿಯ ವೇಷಕ್ಕೆ ಬೆರಗಾದವರು ಅವನ ಮಾತಿಗೆ ಕಿವಿಗೊಡಬೇಕೆಂದೇನಿಲ್ಲ ಎಂಬುದನ್ನು ಚಿತ್ರಕಥೆ ಬರೆಯುವವರು ಇಂಥಲ್ಲಿಂದ ಕಲಿಯಬಹುದು.

ಎದುರು ದಿಕ್ಕಿನ ರಾಯಭಾರವೂ ನಡೆದಿದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳೆರಡರಲ್ಲೂ ಚಿನ್ನದ ಲೇಪದ ತಾಮ್ರದ ಧ್ವನಿತಟ್ಟೆ ಇದೆ. ಅದರಲ್ಲಿರುವ 55 ಭಾಷೆಗಳ ನಮಸ್ಕಾರಗಳಲ್ಲಿ ಕನ್ನಡವೂ ಒಂದು: ಕನ್ನಡಿಗರ ಪರವಾಗಿ ಶುಭಾಶಯ. ಅಂದರೆ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿದ ಕನ್ನಡದ ದೂತವಾಕ್ಯ ಅದಾಗಲೇ ಪ್ರಯಾಣದಲ್ಲಿದೆ, ಕೇಳುವವರು ಇದ್ದರೆ.

ಇಷ್ಟನ್ನು ಇಟ್ಟುಕೊಂಡು ನಮ್ಮಲ್ಲೇ ಒಂದು ಪಾತ್ರ ಕಟ್ಟಬಹುದೇ ನೋಡೋಣ. ಸುತ್ತೂರು ಜಾತ್ರೆಯಲ್ಲಿ ನಾಟಕಗಳು ನಡೆಯುತ್ತವೆ, ಸುತ್ತಲ ಊರಿನ ತಂಡಗಳಿಗೆ ರಂಗದ ಅಭ್ಯಾಸವಿದೆ. ಕಥೆ ಹೀಗಿರಲಿ. ಕಪಿಲೆಯ ನೀರಿನಲ್ಲಿ ಒಂದು ಪಾಲು ಬೇಕೆಂದು ಹೊರಗ್ರಹದ ದೂತ ಬಂದಿದ್ದಾನೆ. ಅವನ ಲೋಕದ ಕಟ್ಟಳೆ ಒಂದೇ: ಯಾರ ಅನ್ನ ಉಂಡನೋ ಅವರು ನೆಂಟರು, ನೆಂಟರ ಜೊತೆ ಚೌಕಾಸಿ ಮಾಡುವಂತಿಲ್ಲ. ಬಂದಿರುವುದು ಜಾತ್ರೆಗೆ, ಅಲ್ಲಿ ದಾಸೋಹ. ಅಜ್ಜಿಯೊಬ್ಬಳು ಎಲೆ ಹಾಕಿ, ‘ಬಿಸ್ಲಲ್ಲಿ ಬಂದಿದ್ದೀಯ ಕಣಪ್ಪ, ಒಂದ್ ತುತ್ತು ಉಂಡು ಆಮೇಲ್ ಮಾತಾಡು’ ಎನ್ನುತ್ತಾಳೆ. ಉಂಡರೆ ಬಂದ ಕೆಲಸ ಕೆಟ್ಟಿತು, ಉಣ್ಣದಿದ್ದರೆ ಊರಿಗೇ ಅವಮಾನ. ಅವನ ಗ್ರಹದಲ್ಲಿ ಬಾಯಾರಿದ ಮಕ್ಕಳಿದ್ದಾರೆ ಎಂಬುದನ್ನು ಮೊದಲೇ ಹೇಳಿಟ್ಟಿದ್ದರೆ ಈ ಒಂದು ಎಲೆಯ ಮುಂದೆಯೇ ಅರ್ಧ ಗಂಟೆಯ ನಾಟಕವಾಗುತ್ತದೆ. ಅವನಿಗೊಬ್ಬ ಸಹಾಯಕನನ್ನು ಕೊಡಿ. ಆ ಹುಡುಗ ಕದ್ದು ಪಾಯಸ ತಿಂದುಬಿಡಲಿ.

ವೇಷಕ್ಕೆ ಹೆಚ್ಚು ಖರ್ಚು ಬೇಡ. ತೆಳು ಟಿಶ್ಯೂ ಕಾಗದ ಮತ್ತು ರಬ್ಬರ್ ಹಾಲನ್ನು ಪದರಪದರವಾಗಿ ಕೂರಿಸಿ ಹಣೆಯ ಉಬ್ಬನ್ನು ಮೊದಲೇ ಮಾಡಿಟ್ಟುಕೊಂಡು, ಮೀಸೆ ಅಂಟಿಸುವ ಗಮ್ಮಿನಲ್ಲಿ ಕೂರಿಸಿದರೆ ಆಯಿತು. ರಬ್ಬರ್ ಹಾಲು ಕೆಲವರಿಗೆ ಅಲರ್ಜಿ, ಹಿಂದಿನ ದಿನ ಮುಂಗೈಗೆ ಸ್ವಲ್ಪ ಹಚ್ಚಿ ನೋಡಬೇಕು, ಹುಬ್ಬಿಗೆ ತಾಗಬಾರದು. ಬಣ್ಣಕ್ಕೆ ಹಳೆಯ ಕಾಲದ ಅರದಾಳ, ಇಂಗಳೀಕ ಸಿಕ್ಕರೂ ಮುಟ್ಟಬೇಡಿ. ಒಂದರಲ್ಲಿ ಆರ್ಸೆನಿಕ್ ಇದೆ, ಇನ್ನೊಂದರಲ್ಲಿ ಪಾದರಸ. ಮುಖಕ್ಕೆಂದೇ ಮಾರುವ ಬಣ್ಣವನ್ನೇ ಕೊಳ್ಳಿ. ಕಣ್ಣಿಗೆ ಬಣ್ಣದ ಲೆನ್ಸ್ ಹಾಕುವ ಆಸೆ ಬೇಡ, ರಾತ್ರಿಯ ದೂಳಿನಲ್ಲಿ ಅದು ಅಪಾಯ, ಹತ್ತನೇ ಸಾಲಿನವರಿಗೆ ಕಾಣುವುದೂ ಇಲ್ಲ. ಅದಕ್ಕಿಂತ ನಡಿಗೆ ತಿದ್ದಿ. ಎಂದೂ ಅವಸರಪಡದವನು, ಕೂರುವ ಮುನ್ನ ಎದುರಿನವರು ಕೂರಲಿ ಎಂದು ಕಾಯುವವನು ಕೊನೆಯ ಸಾಲಿಗೂ ಪರಲೋಕದವನಾಗಿಯೇ ಕಾಣುತ್ತಾನೆ.

ಬರೆಯುವ ಮುಂಚೆ ಎರಡನ್ನು ನೋಡಿ. ‘ಜರ್ನಿ ಟು ಬೇಬಲ್’ ಒಂದೇ ಕಂತು, ಹಿಂದುಮುಂದಿನ ಕಥೆ ತಿಳಿಯದಿದ್ದರೂ ಅರ್ಥವಾಗುತ್ತದೆ. ‘ಬ್ಯಾಬಿಲಾನ್ 5’ ಹಾಗಲ್ಲ. ಮೊದಲ ವರ್ಷದ ಕಂತುಗಳು ನಿಧಾನ, ಕೆಲವು ಸಪ್ಪೆ, ಅದನ್ನು ಸಹಿಸಿಕೊಂಡು ಎರಡನೆಯ ವರ್ಷಕ್ಕೆ ಹೋಗಿ. ಲೊಂಡೊ ಮತ್ತು ಜಿಕಾರ್ ಒಂದೇ ಕೋಣೆಯಲ್ಲಿರುವ ದೃಶ್ಯ ಬಂದಾಗಲೆಲ್ಲ ಮೊಬೈಲಿನ ಸದ್ದು ತೆಗೆದು ಒಮ್ಮೆ, ಸದ್ದು ಹಾಕಿ ಇನ್ನೊಮ್ಮೆ ನೋಡಿ.